ಎಸ್ಟ್ರಿನ್ – ಬರ್ಲಿನರ್: ಕಪ್ಪು ಗೆದ್ದದ್ದು 10ನೇ ನಡೆಯಲ್ಲೋ, 31ನೇ ನಡೆಯಲ್ಲೋ?

ಕೊನೆಯಾಟಪ್ರಿಯ:
ಅಂಚೆ ಚೆಸ್ಸಿನ (ನಡೆಗಳನ್ನು ಕಾರ್ಡಿನಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಾ ಆಡುವ ಚೆಸ್ಸಿನ) ಅತಿ ದೊಡ್ಡ ಆಟ ಯಾವುದು ಅಂತ ಕೇಳಿದರೆ ಜಾಸ್ತಿ ಜನ ಇದನ್ನೇ ಹೇಳುತ್ತಾರೆ. 5ನೇ ವಿಶ್ವ ಅಂಚೆ ಚೆಸ್ ಚಾಂಪಿಯನ್‌ಶಿಪ್, 1965ರಿಂದ 1968. ಬಿಳಿ: ಮಾಸ್ಕೋದ ಯಾಕೊವ್ ಎಸ್ಟ್ರಿನ್. ಕಪ್ಪು: ಅಮೆರಿಕದ ಹ್ಯಾನ್ಸ್ ಬರ್ಲಿನರ್. ಆರಂಭ: ಎರಡು ಕುದುರೆಗಳ ಡಿಫೆನ್ಸ್. 16ನೇ ಶತಮಾನದ ಇಟಲಿಯವರ ಕಾಲದಿಂದ ಬಂದಿರುವ ಹಳೇ ಕ್ಲಾಸಿಕಲ್ ಡಿಫೆನ್ಸ್ ಅದು.

ಈ ಆಟದ ಬಗ್ಗೆ ಬರೆಯುವವರೆಲ್ಲ ಕಪ್ಪಿನ 10ನೇ ನಡೆಗೆ ಎರಡು ಆಶ್ಚರ್ಯಸೂಚಕ ಹಾಕುತ್ತಾರೆ, ಅದ್ಭುತ ನಡೆ ಅನ್ನುವ ಗುರುತಾಗಿ. 14ಕ್ಕೆ ಒಂದು ಹಾಕುತ್ತಾರೆ. ಆಮೇಲೆ "ಉಳಿದದ್ದು ತಾಂತ್ರಿಕ" ಎಂದು ಮುಗಿಸುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ. ಅಷ್ಟೆಲ್ಲ ಪಟಾಕಿ ಹೊಡೆದ ಮೇಲೆ ಬರ್ಲಿನರ್ ಕೈಯಲ್ಲಿ ಉಳಿದದ್ದು ಒಂದೇ ಒಂದು ಹೆಚ್ಚಿನ ಪಾನ್ (ಕಾಲಾಳು), ಅದೂ ರಾಜ, ಆನೆ, ಪಾನ್ ಮಾತ್ರ ಉಳಿದ ಆನೆಗಳ ಕೊನೆಯಾಟದಲ್ಲಿ. ಆನೆಗಳ ಕೊನೆಯಾಟದಲ್ಲಿ ಒಂದು ಪಾನ್ ಹೆಚ್ಚಿದ್ದರೆ ಗೆಲುವು ಖಂಡಿತ ಅಂತ ಯಾರೂ ಹೇಳುವುದಿಲ್ಲ. ಆಟ ಗೆದ್ದದ್ದು 31ನೇ ನಡೆಯಲ್ಲಿ ಅನ್ನುವುದು ನನ್ನ ವಾದ.

ಪೂರ್ತಿ ಆಟ ಇಲ್ಲಿದೆ. ಬೋರ್ಡ್ ಮುಂದಿಟ್ಟುಕೊಂಡು ಓದಿ. ಹೊಡೆತಕ್ಕೆ × ಗುರುತು. ಪ್ರತಿ ಸಂಖ್ಯೆಯ ಮುಂದೆ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು; ಸಂಖ್ಯೆಯ ಮುಂದೆ ಮೂರು ಚುಕ್ಕೆ ಇದ್ದರೆ ಅದು ಕಪ್ಪಿನ ನಡೆ. ಕಾಯಿಯ ಹೆಸರಿಲ್ಲದಿದ್ದರೆ ಪಾನ್.

1.ಇ4 ಇ5 2.ಕುದುರೆ ಎಫ್3 ಕುದುರೆ ಸಿ6 3.ಬಿಷಪ್ ಸಿ4 ಕುದುರೆ ಎಫ್6 4.ಕುದುರೆ ಜಿ5 ಡಿ5 5.ಇ×ಡಿ5 ಬಿ5 6.ಬಿಷಪ್ ಎಫ್1 ಕುದುರೆ ಡಿ4 7.ಸಿ3 ಕುದುರೆ×ಡಿ5 8.ಕುದುರೆ ಇ4 ರಾಣಿ ಎಚ್4 9.ಕುದುರೆ ಜಿ3 ಬಿಷಪ್ ಜಿ4 10.ಎಫ್3 ಇ4 11.ಸಿ×ಡಿ4 ಬಿಷಪ್ ಡಿ6 12.ಬಿಷಪ್×ಬಿ5 ಚೆಕ್, ರಾಜ ಡಿ8 13.ಚಿಕ್ಕ ಕ್ಯಾಸಲಿಂಗ್, ಇ×ಎಫ್3 14.ಆನೆ×ಎಫ್3 ಆನೆ ಬಿ8

15.ಬಿಷಪ್ ಇ2 ಬಿಷಪ್×ಎಫ್3 16.ಬಿಷಪ್×ಎಫ್3 ರಾಣಿ×ಡಿ4 ಚೆಕ್ 17.ರಾಜ ಎಚ್1 ಬಿಷಪ್×ಜಿ3 18.ಎಚ್×ಜಿ3 ಆನೆ ಬಿ6 19.ಡಿ3 ಕುದುರೆ ಇ3 20.ಬಿಷಪ್×ಇ3 ರಾಣಿ×ಇ3 21.ಬಿಷಪ್ ಜಿ4 ಎಚ್5 22.ಬಿಷಪ್ ಎಚ್3 ಜಿ5 23.ಕುದುರೆ ಡಿ2 ಜಿ4 24.ಕುದುರೆ ಸಿ4 ರಾಣಿ×ಜಿ3 25.ಕುದುರೆ×ಬಿ6 ಜಿ×ಎಚ್3 26.ರಾಣಿ ಎಫ್3 ಎಚ್×ಜಿ2 ಚೆಕ್ 27.ರಾಣಿ×ಜಿ2 ರಾಣಿ×ಜಿ2 ಚೆಕ್ 28.ರಾಜ×ಜಿ2 ಸಿ×ಬಿ6

29.ಆನೆ ಎಫ್1 ರಾಜ ಇ7 30.ಆನೆ ಇ1 ಚೆಕ್, ರಾಜ ಡಿ6 31.ಆನೆ ಎಫ್1 ಆನೆ ಸಿ8 32.ಆನೆ×ಎಫ್7 ಆನೆ ಸಿ7 33.ಆನೆ ಎಫ್2 ರಾಜ ಇ5 34.ಎ4 ರಾಜ ಡಿ4 35.ಎ5 ರಾಜ×ಡಿ3 36.ಆನೆ ಎಫ್3 ಚೆಕ್, ರಾಜ ಸಿ2 37.ಬಿ4 ಬಿ5 38.ಎ6 ಆನೆ ಸಿ4 39.ಆನೆ ಎಫ್7 ಆನೆ×ಬಿ4 40.ಆನೆ ಬಿ7 ಆನೆ ಜಿ4 ಚೆಕ್ 41.ರಾಜ ಎಫ್3 ಬಿ4 42.ಆನೆ×ಎ7 ಬಿ3. ಬಿಳಿ ಸೋಲೊಪ್ಪಿತು.

ಗ್ಯಾಂಬಿಟ್‌ಗುಂಡ:
ಗುರುಗಳೇ, ತಕರಾರು ತೆಗೆಯುವುದೇ ನಿಮ್ಮ ಹವ್ಯಾಸ ಅಲ್ವಾ. 10...ಇ4 ಇಲ್ಲದೆ ನಿಮ್ಮ 31ನೇ ನಡೆ ಎಲ್ಲಿಂದ ಬರುತ್ತಿತ್ತು? ಆ ಸ್ಥಿತಿಯನ್ನು ಒಮ್ಮೆ ನೋಡಿ. ಡಿ4ರಲ್ಲಿರುವ ಕುದುರೆಗೆ ಸಿ3 ಪಾನ್ ಬಾಯಿ ಹಾಕಿದೆ. ಜಿ4ರಲ್ಲಿರುವ ಬಿಷಪ್ಪಿಗೆ ಎಫ್3 ಪಾನ್ ಬಾಯಿ ಹಾಕಿದೆ. ಎರಡೂ ಹೋಗುವ ಹಾಗಿರುವಾಗ ಈ ಮನುಷ್ಯ ಸುಮ್ನೆ ಒಂದು ಪಾನ್ ಮುಂದೆ ತಳ್ಳುತ್ತಾನೆ.

ಅದಕ್ಕೆ ಮುಂಚೆ ಇಲ್ಲಿ ಕುದುರೆಯನ್ನು ಎಫ್5ಕ್ಕೆ ಓಡಿಸುತ್ತಿದ್ದರು. 1919ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬೊಗೊಲ್ಯುಬೊವ್ ವಿರುದ್ಧ ರೂಬಿನ್‌ಸ್ಟೈನ್ ಹಾಗೇ ಆಡಿದರು, ಸೋತರು. ಎಲ್ಲರೂ ಈ ದಾರಿಯೇ ಕೆಟ್ಟದ್ದು ಅಂದುಕೊಂಡರು. ಬರ್ಲಿನರ್ ಕೂತು ಹೊಸದು ಹುಡುಕಿದರು. ಅದೂ ಯಾರ ಮೇಲೆ ಪ್ರಯೋಗ? ಎರಡು ಕುದುರೆಗಳ ಡಿಫೆನ್ಸಿನ ಮೇಲೆಯೇ ಪುಸ್ತಕ ಬರೆದ ಎಸ್ಟ್ರಿನ್ ಮೇಲೆ! ಅಡುಗೆಭಟ್ಟರಿಗೇ ಸಾರು ಮಾಡುವುದನ್ನು ಹೇಳಿಕೊಟ್ಟ ಹಾಗಾಯಿತು.

ಧಾರವಾಡಪೇಡೆ:
ನಾನು ಹೊಸಬ. ಆನ್‌ಲೈನ್‌ನಲ್ಲಿ ಐದು ನಿಮಿಷದ ಆಟ ಆಡುವವನು. ಒಂದು ಆಟ ಮೂರು ವರ್ಷ ಅಂದರೆ ಹೆಂಗೆ ರೀ? ಪುಸ್ತಕ ನೋಡಬಹುದಾ? ನೋಡಿದರೆ ಅದು ಮೋಸ ಅಲ್ಲವಾ?

ಹಳೇಕಾರ್ಡು:
ತಮ್ಮಾ, ಪುಸ್ತಕ ನೋಡುವುದು ಅಂಚೆ ಆಟದಲ್ಲಿ ನಿಯಮದೊಳಗೇ ಇದೆ. ಬೋರ್ಡಿನ ಮೇಲೆ ಕಾಯಿ ಸರಿಸಿ ನೋಡಬಹುದು, ಟಿಪ್ಪಣಿ ಬರೆದಿಡಬಹುದು. ಮನೆಯಲ್ಲಿ ಕೂತವನು ಏನು ಮಾಡುತ್ತಾನೆ ಅಂತ ಯಾರು ಕಾಯುತ್ತಾರೆ? ಆದ್ದರಿಂದ ಮೊದಲೇ ಒಪ್ಪಿಗೆ ಕೊಟ್ಟುಬಿಟ್ಟರು.

ಸಮಯದ ಲೆಕ್ಕ ಹೀಗೆ. 10 ನಡೆಗೆ 30 ದಿನ. ಕಾರ್ಡು ದಾರಿಯಲ್ಲಿರುವ ದಿನಗಳು ಯಾರ ಲೆಕ್ಕಕ್ಕೂ ಇಲ್ಲ. ಬಂದ ದಿನ ಬರೆದಿಟ್ಟುಕೊಳ್ಳಬೇಕು, ಕಳಿಸಿದ ದಿನಕ್ಕೆ ಅಂಚೆ ಮುದ್ರೆ ಸಾಕ್ಷಿ. ಹಾಗಾಗಿ ಯೋಚನೆಗೆ ಸಿಗುವುದು ನಡೆಗೆ ಸರಾಸರಿ ಮೂರೇ ದಿನ. ಉಳಿದ ಕಾಲವೆಲ್ಲ ಅಂಚೆಯಣ್ಣನ ಚೀಲದಲ್ಲಿ ಕಳೆಯುತ್ತದೆ. 1965ರಲ್ಲಿ ಅಮೆರಿಕ–ಮಾಸ್ಕೋ ನಡುವೆ ಕಾರ್ಡು ಅಂದರೆ ಶೀತಲ ಸಮರದ ಮಧ್ಯೆ ಹಾಯ್ದು ಹೋಗಬೇಕು.

ನಡೆ ಬರೆಯುವುದು ಅಂಕಿಗಳಲ್ಲಿ. ಫೈಲ್ ಅಂದರೆ ಬೋರ್ಡಿನ ಲಂಬ ಸಾಲು; ಎ ಫೈಲಿಗೆ 1, ಎಚ್ ಫೈಲಿಗೆ 8. ಇ2ರಿಂದ ಇ4 ಅಂದರೆ 5254. ಜಿ1 ಕುದುರೆ ಎಫ್3ಕ್ಕೆ ಅಂದರೆ 7163. ರಷ್ಯಾದವನಾಗಲಿ, ಅರ್ಜೆಂಟೀನಾದವನಾಗಲಿ ಓದಿಕೊಳ್ಳುತ್ತಾನೆ. ಅಪಾಯ ಏನೆಂದರೆ, ಒಂದಂಕಿ ತಪ್ಪಿ ಬರೆದರೂ ಆ ನಡೆ ನಡೆಯೇ. ನಿಯಮಕ್ಕೆ ಸರಿಹೊಂದುವ ನಡೆಯಾಗಿದ್ದರೆ ಮುಗಿಯಿತು, ವಾಪಸ್ ಇಲ್ಲ.

ಇನ್ನೊಂದು, "ನೀನು ಇದನ್ನು ಆಡಿದರೆ ನನ್ನ ಉತ್ತರ ಇದು" ಅಂತ ಷರತ್ತಿನ ನಡೆ ಬರೆದು ಕಳಿಸಬಹುದು. ಹೊಡೆದ ಕಾಯಿಗೆ ಮರುಹೊಡೆತ ಬಿಟ್ಟು ಬೇರೆ ದಾರಿಯೇ ಇಲ್ಲದ ಕಡೆ ವಾರಗಟ್ಟಲೆ ಸಮಯ ಉಳಿತಾಯವಾಗುತ್ತದೆ.

ನಾನು ಎಂಬತ್ತರ ದಶಕದಲ್ಲಿ ಪೋಲೆಂಡಿನ ಒಬ್ಬರ ಜೊತೆ ಆಡುತ್ತಿದ್ದೆ. ಚೆಂದದ ಸ್ಟಾಂಪುಗಳು ಬರುತ್ತಿದ್ದವು. ಒಮ್ಮೊಮ್ಮೆ ಸ್ಟಾಂಪು ಕಿತ್ತ ಕಾರ್ಡು ಮಾತ್ರ ಬರುತ್ತಿತ್ತು, ಒಮ್ಮೊಮ್ಮೆ ಅದೂ ಇಲ್ಲ. ಎರಡನೇ ಸಲ ಅದೇ ನಡೆ ಬರೆದು ಕಳಿಸುವುದು ಮಾಮೂಲು.

ಧಾರವಾಡಪೇಡೆ:
ಭಾರಿ ಐತಿ ಇದು. ಅಂದರೆ ಬರ್ಲಿನರ್ ಒಂದೇ ಆಟ ಆಡುತ್ತಿರಲಿಲ್ಲ ಅನ್ನಿ.

ಹಳೇಕಾರ್ಡು:
17 ಜನರ ಟೂರ್ನಿ. ಒಬ್ಬೊಬ್ಬರಿಗೂ 16 ಆಟ, ಎಲ್ಲ ಒಟ್ಟಿಗೇ ಶುರು. ಬರ್ಲಿನರ್ 12 ಗೆದ್ದು 4 ಡ್ರಾ ಮಾಡಿ 14 ಅಂಕ ಗಳಿಸಿದರು. ಒಂದೂ ಸೋಲಿಲ್ಲ. ಎರಡನೇ ಸ್ಥಾನದವರಿಗೆ 11. ಮೂರು ಅಂಕದ ಅಂತರ! ಚಾಂಪಿಯನ್ ಆದ ಮೇಲೆ ಮತ್ತೆ ಪಟ್ಟ ಉಳಿಸಿಕೊಳ್ಳಲು ಆಡಲೇ ಇಲ್ಲ.

ಎಸ್ಟ್ರಿನ್ ಏನೂ ಕಡಿಮೆ ಆಸಾಮಿ ಅಲ್ಲ. ಮುಂದೆ 7ನೇ ಚಾಂಪಿಯನ್‌ಶಿಪ್ ಅವರೇ ಗೆದ್ದರು.

ಮೈಸೂರುಪಾಕು:
ಕುದುರೆಗಳ ವಿಷಯ ಬಂದ ಮೇಲೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಕುದುರೆ ನಡಿಗೆಯ ಬಂಧಗಳ ಬಗ್ಗೆ ಯಾರೂ ಬರೆಯಲ್ವಾ?

ಕೊನೆಯಾಟಪ್ರಿಯ:
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಸರ್, ನಾನೇ ಮೊದಲು ಬರುತ್ತೇನೆ. ಇಲ್ಲಿ ಬೇಡ.

ಆನೆಗುಂದಿ:
4.ಕುದುರೆ ಜಿ5 ಬಗ್ಗೆ ಹೊಸಬರಿಗಾಗಿ ನಾಲ್ಕು ಮಾತು. ಒಂದೇ ಕಾಯಿಯನ್ನು ಎರಡನೇ ಸಲ ಎತ್ತಿ ಎಫ್7 ಮೇಲೆ ಕಣ್ಣು ಹಾಕುವುದು. ಜರ್ಮನಿಯ ಹಳೇ ದೊಡ್ಡ ಆಟಗಾರ ಟಾರಾಶ್ ಇದನ್ನು ಆಟ ಬಾರದವರ ನಡೆ ಅಂತ ಬೈದಿದ್ದರು. ಬೈದರೂ ಇದು ಸಾಯಲಿಲ್ಲ, ಯಾಕೆಂದರೆ ಎಫ್7 ಉಳಿಸಿಕೊಳ್ಳಲು ಕಪ್ಪು ಒಂದು ಪಾನ್ ಕೊಡಬೇಕಾಗುತ್ತದೆ. 5.ಇ×ಡಿ5 ಆದ ಮೇಲೆ ಕುದುರೆಯಿಂದ ಡಿ5 ಹೊಡೆದರೆ ಬಿಳಿ ಕುದುರೆ ಎಫ್7ಕ್ಕೆ ಹಾರಿ ಕಪ್ಪು ರಾಜನನ್ನು ಬೀದಿಗೆ ಎಳೆಯುತ್ತದೆ. ಐದು ನಿಮಿಷದ ಆಟದಲ್ಲಿ ನಮ್ಮ ಪೇಡೆಯವರು ಇದರ ರುಚಿ ನೋಡಿರುತ್ತಾರೆ.

ಸಾಮಾನ್ಯವಾಗಿ ಕಪ್ಪು 5...ಕುದುರೆ ಎ5 ಆಡುತ್ತದೆ. 5...ಕುದುರೆ ಡಿ4 ಅನ್ನುವುದು ಜರ್ಮನಿಯ ಅಲೆಕ್ಸಾಂಡರ್ ಫ್ರಿಟ್ಸ್ ಹೆಸರಿನದು. 5...ಬಿ5 ಅಮೆರಿಕದ ಉಲ್ವೆಸ್ಟಾಡ್ ಹೆಸರಿನದು. ಬರ್ಲಿನರ್ ಮೊದಲು ಬಿ5, ಆಮೇಲೆ ಕುದುರೆ ಡಿ4. ಎರಡು ದಾರಿಯೂ ಒಂದೇ ಊರಿಗೆ ಸೇರುತ್ತವೆ. ಅಂದ ಹಾಗೆ ಆ ಫ್ರಿಟ್ಸ್‌ಗೂ ಫ್ರಿಟ್ಸ್ ಚೆಸ್ ಸಾಫ್ಟ್‌ವೇರಿಗೂ ಏನೂ ಸಂಬಂಧವಿಲ್ಲ. ಪ್ರತಿ ಸಲ ಯಾರಾದರೂ ಕೇಳುತ್ತಾರೆ ಅಂತ ಮೊದಲೇ ಹೇಳಿದೆ.

ಗ್ಯಾಂಬಿಟ್‌ಗುಂಡ:
ಹಾಂ, ಈಗ ನನ್ನ ಕಡೆಗೆ ಬನ್ನಿ. 11.ಸಿ×ಡಿ4 ಆಯಿತು, ಕುದುರೆ ಹೋಯಿತು. 11...ಬಿಷಪ್ ಡಿ6. ಜಿ4 ಬಿಷಪ್ ಇನ್ನೂ ಹೊಡೆತದಲ್ಲೇ ಇದೆ, ಕೇರೇ ಇಲ್ಲ! ಯಾಕೆ ಗೊತ್ತಾ? ಜಿ3 ಕುದುರೆ ಕಟ್ಟಿಹಾಕಿದ ಹಾಗೆ ನಿಂತಿದೆ. ಅದು ಕದಲಿದರೆ ಎಚ್4 ರಾಣಿಯಿಂದ ರಾಜನಿಗೆ ಚೆಕ್. ಎಚ್2 ಪಾನ್ ಬಂದು ಜಿ3ರಲ್ಲಿ ಹೊಡೆದರೆ ಎಚ್1 ಆನೆ ಹೋಗುತ್ತದೆ. 12ರಲ್ಲಿ ಚೆಕ್ ಬಂದಾಗ ರಾಜನನ್ನು ಡಿ8ಕ್ಕೆ ಇಟ್ಟರು. ಕ್ಯಾಸಲಿಂಗ್ ಕಳೆದುಕೊಂಡರು, ಒಂದು ಕುದುರೆ ಕಡಿಮೆ, ಪಾನೂ ಕಡಿಮೆ. ಹೀಗೆ ಆಡಲು ಎದೆ ಬೇಕು ಸ್ವಾಮಿ.

ಆನೆಗುಂದಿ:
ಗುಂಡಣ್ಣ, ಎದೆಗಿಂತ ತಲೆ ಬೇಕಾಗಿದ್ದು 14...ಆನೆ ಬಿ8ಕ್ಕೆ. ನನಗೆ ಈ ಆಟದಲ್ಲಿ ಅತಿ ಇಷ್ಟವಾದ ನಡೆ ಅದು. ಎಫ್3ರಲ್ಲಿ ಬಿಳಿ ಆನೆ ಬಿಷಪ್ಪಿನ ಬಾಯಿಗೇ ಬಂದು ಕೂತಿದೆ. ನಾನಾಗಿದ್ದರೆ ಕಣ್ಣು ಮುಚ್ಚಿ ಹೊಡೆಯುತ್ತಿದ್ದೆ. ಆಗ ಬಿಳಿ ರಾಣಿಯೇ ಎಫ್3ಕ್ಕೆ ಬಂದು ಹೊಡೆಯುತ್ತದೆ. ಅಲ್ಲಿಂದ ಡಿ5 ಕುದುರೆಯನ್ನೂ ಎಫ್7 ಪಾನನ್ನೂ ಒಟ್ಟಿಗೇ ನೋಡುತ್ತದೆ. ಬಿಳಿಗೆ ಉಸಿರು ಬರುತ್ತದೆ.

ಬರ್ಲಿನರ್ ಮೊದಲು ಆನೆಯಿಂದ ಬಿ5 ಬಿಷಪ್ಪನ್ನು ಕೇಳಿದರು. ಅದು ಇ2ಕ್ಕೆ ಹಿಂದೆ ಸರಿಯಿತು, ರಾಣಿಯ ದಾರಿಗೇ ಅಡ್ಡ ನಿಂತಿತು. ಈಗ ಎಫ್3ರಲ್ಲಿ ಹೊಡೆದರೆ ಬಿಷಪ್ಪೇ ಮರುಹೊಡೆಯಬೇಕು. ಡಿ4 ಪಾನ್ ಚೆಕ್ ಸಮೇತ ಬಿತ್ತು. ಅಷ್ಟೇ ಅಲ್ಲ. ಬಿ8ಕ್ಕೆ ಬಂದ ಆನೆ 18ನೇ ನಡೆಯಲ್ಲಿ ಬಿ6ಕ್ಕೆ ಏರಿತು. ಅಲ್ಲಿಂದ ಎಚ್6ಕ್ಕೆ ಹೋಗಿ ಚೆಕ್ ಕೊಡುವ ಬೆದರಿಕೆ! ಡಿ4ರ ರಾಣಿ ಜಿ1 ಮನೆ ಕಾಯುತ್ತಿದೆ, ಎಚ್1ರ ರಾಜನಿಗೆ ಓಡಲು ಜಾಗವಿಲ್ಲ. ಒಂದು ನಡೆಗೆ ಎರಡು ಕೆಲಸ, ಎರಡನೆಯದು ಕಾಣುವುದು ನಾಲ್ಕು ನಡೆ ಆದ ಮೇಲೆ.

ಎಂಜಿನ್‌ಭಕ್ತ:
ಎಲ್ಲ ಸರಿ, ಈ ದಾರಿ ಇವತ್ತು ನಡೆಯುತ್ತದಾ? ಅಂಚೆ ಆಟದವರು ಬಿಳಿ ಕಡೆಯಿಂದ ಏನು ಮಾಡುತ್ತಾರೆ ನೋಡಿ. 8ನೇ ನಡೆಯಲ್ಲೇ ಕುದುರೆ ಇ4 ಬಿಟ್ಟು ಸಿ×ಡಿ4 ಆಡಿ, ಜಿ5 ಕುದುರೆ ಕೊಟ್ಟು, ಬಿಷಪ್×ಬಿ5 ಚೆಕ್ ಮಾಡುತ್ತಾರೆ. ಕಪ್ಪು ರಾಜ ಡಿ8ಕ್ಕೆ ಹೋಗಲೇಬೇಕು. ಬೇರೆಯದೇ ಕಥೆ ಶುರುವಾಗುತ್ತದೆ. ಬರ್ಲಿನರ್ ದಾರಿಯಲ್ಲೇ ಹೋದರೂ 14ರಲ್ಲಿ ಆನೆಯಿಂದ ಹೊಡೆಯುವ ಬದಲು ರಾಣಿ ಬಿ3 ಇದೆ. ಡಿ5 ಕುದುರೆ ಮೇಲೆ ಕಣ್ಣು, ಬಿ5 ಬಿಷಪ್ಪಿಗೆ ಕಾವಲು. ಬರ್ಲಿನರ್ ಸ್ವತಃ ವಯಸ್ಸಾದ ಮೇಲೂ ಇದನ್ನೇ ಅಗೆಯುತ್ತಾ ಕೂತಿದ್ದರು. 4.ಕುದುರೆ ಜಿ5 ಸಾಯುವ ಮಂಚದಲ್ಲಿದೆ ಅಂತ ಹೆಸರಿಟ್ಟು ಒಂದು ಚಿಕ್ಕ ಪುಸ್ತಕವನ್ನೇ ಬರೆದರು. ರೋಗಿ ಮಾತ್ರ ಇನ್ನೂ ಓಡಾಡಿಕೊಂಡಿದ್ದಾನೆ.

ಗ್ಯಾಂಬಿಟ್‌ಗುಂಡ:
ಸಾಯುವ ಮಂಚದ ಮಾತು ಒಪ್ಪಿದೆ, ಆದರೆ ಎಸ್ಟ್ರಿನ್ ಮುಂದೆ ಆಗ ಯಾವ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) ಇತ್ತು? ಇವತ್ತು ಮೊಬೈಲಿನಲ್ಲಿ ಒತ್ತಿದರೆ ರಾಣಿ ಬಿ3 ಅಂತ ಬರುತ್ತದೆ. ಆಗ ಮನುಷ್ಯ ಹುಡುಕಬೇಕಿತ್ತು.

ಎಂಜಿನ್‌ಭಕ್ತ:
ಅದನ್ನೇ ಹೇಳಬೇಕು ಅಂತಿದ್ದೆ. ಆ ಎಂಜಿನ್‌ಗಳನ್ನು ಕಟ್ಟಿದವರಲ್ಲಿ ಇದೇ ಬರ್ಲಿನರ್ ಒಬ್ಬರು! ಹುಟ್ಟಿದ್ದು 1929ರಲ್ಲಿ ಬರ್ಲಿನ್‌ನಲ್ಲಿ. ಮಗುವಾಗಿದ್ದಾಗ ಮನೆಯವರು ನಾಜಿ ಜರ್ಮನಿ ಬಿಟ್ಟು ಅಮೆರಿಕ ಸೇರಿದರು. ಅಂಚೆ ಚಾಂಪಿಯನ್ ಆದ ಮೇಲೆ ಕಾರ್ನೆಗಿ ಮೆಲನ್‌ನಲ್ಲಿ ಪಿಎಚ್.ಡಿ. ಮಾಡಿ 1974ರಲ್ಲಿ ಮುಗಿಸಿದರು. 1979ರಲ್ಲಿ ಅವರ ಪ್ರೋಗ್ರಾಂ ಬ್ಯಾಕ್‌ಗ್ಯಾಮನ್ ವಿಶ್ವ ಚಾಂಪಿಯನ್ ಲುಯಿಜಿ ವಿಲ್ಲಾ ಅವರನ್ನು 7–1ರಲ್ಲಿ ಸೋಲಿಸಿತು. ದಾಳದ ಅದೃಷ್ಟವೂ ಪ್ರೋಗ್ರಾಂ ಕಡೆಗಿತ್ತು ಅನ್ನಿ, ಆದರೂ ದೊಡ್ಡ ಸುದ್ದಿ. ಆಮೇಲೆ ಹೈಟೆಕ್ ಅನ್ನುವ ಚೆಸ್ ಯಂತ್ರ. ಅದು 1988ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆರ್ನಲ್ಡ್ ಡೆಂಕರ್ ವಿರುದ್ಧ ಪಂದ್ಯ ಗೆದ್ದಿತು. 2017ರಲ್ಲಿ ತೀರಿಕೊಂಡರು.

ಈಗ ಅಂಚೆ ಚೆಸ್ ಸರ್ವರಿನಲ್ಲಿ ನಡೆಯುತ್ತದೆ, ಎಂಜಿನ್ ಬಳಸಲು ಅನುಮತಿಯೂ ಇದೆ. ಮೇಲಿನ ಮಟ್ಟದಲ್ಲಿ ಬಹುಪಾಲು ಆಟ ಡ್ರಾ. 16 ಆಟದಲ್ಲಿ 12 ಗೆಲುವು ಅಂತ ಇನ್ನು ಕನಸಿನಲ್ಲೂ ಇಲ್ಲ.

ಹಳೇಕಾರ್ಡು:
ನಾನು ಬಿಟ್ಟಿದ್ದೇ ಅದಕ್ಕೆ. ನನ್ನ ಯಂತ್ರ ನಿನ್ನ ಯಂತ್ರಕ್ಕೆ ಕಾಗದ ಬರೆದರೆ ಮಧ್ಯೆ ನನಗೇನು ಕೆಲಸ?

ಕೊನೆಯಾಟಪ್ರಿಯ:
ಎಲ್ಲರೂ ಊರು ಸುತ್ತಿ ಬಂದಿರಿ. ಈಗ ನನ್ನ ಮಾತು ಕೇಳಿ.

14...ಆನೆ ಬಿ8 ಅದ್ಭುತ, ನಾನು ಇಲ್ಲ ಅನ್ನುವುದಿಲ್ಲ. 19...ಕುದುರೆ ಇ3 ಕೂಡ. ಬಿಳಿ 19.ಡಿ3 ಆಡಿದ್ದೇ ಸಿ1 ಬಿಷಪ್ ಎಚ್6 ಮನೆ ಕಾಯಲಿ ಅಂತ. ಕುದುರೆ ಇ3ಕ್ಕೆ ಹಾರಿ ರಾಣಿಯನ್ನು ಕೆಣಕಿದ್ದರಿಂದ ಆ ಬಿಷಪ್ ಹೊಡೆಯಲೇಬೇಕಾಯಿತು, ಕಾವಲು ಹೋಯಿತು. ಒಂದು ಸಣ್ಣ ವಿಷಯ ಗಮನಿಸಿ. ಬಿಳಿಯ ಬಿ1 ಕುದುರೆ ಮೊದಲ ಸಲ ಕದಲಿದ್ದು 23ನೇ ನಡೆಯಲ್ಲಿ. ಎ1 ಆನೆ ಕದಲಿದ್ದು 29ರಲ್ಲಿ. ಹೀಗಿರುವಾಗ ಬಿಳಿ ಬದುಕಿ ಉಳಿದದ್ದೇ ದೊಡ್ಡದು.

ಆದರೆ ಉಳಿಯಿತು! 24.ಕುದುರೆ ಸಿ4 ರಾಣಿ ಮತ್ತು ಆನೆ ಎರಡಕ್ಕೂ ಗುರಿಯಿಟ್ಟಿತು. 26.ರಾಣಿ ಎಫ್3 ರಾಣಿಗಳನ್ನು ಬೋರ್ಡಿನಿಂದ ಇಳಿಸಿತು. ಎಸ್ಟ್ರಿನ್ ಆ ಬಿರುಗಾಳಿಯಲ್ಲಿ ಮುಳುಗದೆ ದಡ ಸೇರಿದರು ಅಂತಲೇ ಹೇಳಬೇಕು. 28ನೇ ನಡೆಯ ಹೊತ್ತಿಗೆ ಬೋರ್ಡ್ ಹೀಗಿದೆ. ಬಿಳಿ: ರಾಜ ಜಿ2, ಆನೆ ಎ1, ಪಾನ್‌ಗಳು ಎ2, ಬಿ2, ಡಿ3. ಕಪ್ಪು: ರಾಜ ಡಿ8, ಆನೆ ಎಚ್8, ಪಾನ್‌ಗಳು ಎ7, ಬಿ6, ಎಫ್7, ಎಚ್5. ನಾಲ್ಕಕ್ಕೆ ಮೂರು.

ಗುಂಡಣ್ಣ, ನಿಮ್ಮ ಪಟಾಕಿಯ ಪೂರ್ತಿ ಗಳಿಕೆ ಇದು. ಒಂದು ಪಾನ್.

ಧಾರವಾಡಪೇಡೆ:
28ರಲ್ಲಿ ಬಿ6 ಕುದುರೆಯನ್ನು ಸಿ ಪಾನಿನಿಂದ ಯಾಕೆ ಹೊಡೆದರು? ಎ ಪಾನಿನಿಂದ ಹೊಡೆಯಬಹುದಿತ್ತು ಅಲ್ಲ? ಪಾನ್ ಮಧ್ಯದ ಕಡೆಗೆ ಹೊಡೆಯಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ಸಿ ಪಾನಿನಿಂದ ಹೊಡೆದರೆ ಬಿಳಿಯ ಡಿ3 ಪಾನಿಗೆ ಮುಂದೆ ದಾರಿ ಖಾಲಿ ಆಗುತ್ತದೆ.

ಕೊನೆಯಾಟಪ್ರಿಯ:
ಭಲೇ, ಒಳ್ಳೆಯ ಪ್ರಶ್ನೆ. ಎ7ರಿಂದ ಹೊಡೆದಿದ್ದರೆ ಬಿಳಿಯ ಎ2 ಪಾನಿಗೆ ಎದುರು ಯಾರೂ ಇರುತ್ತಿರಲಿಲ್ಲ. ಕಪ್ಪು ರಾಜನಿಂದ ದೂರದ ಮೂಲೆಯಲ್ಲಿ ಓಡುವ ಪಾನ್! ಆನೆ ಕೊನೆಯಾಟದಲ್ಲಿ ಅದು ತಲೆನೋವು. ಸಿ ಪಾನಿನಿಂದ ಹೊಡೆದಾಗ ಎ7 ಪಾನ್ ಅಲ್ಲೇ ಕಾವಲು ಉಳಿಯಿತು. ಡಿ3 ಪಾನಿಗೆ ದಾರಿ ಖಾಲಿ ಆದದ್ದು ನಿಜ. ಆದರೆ ಅದು ಕಪ್ಪು ರಾಜನ ಮೂಗಿನ ಕೆಳಗೇ ಇದೆ. ಮುಂದೆ ರಾಜ ನಡೆದು ಬಂದು ಅದನ್ನು ತಿಂದೇಬಿಟ್ಟ.

ಇನ್ನೊಂದು ಲಾಭ, ಸಿ ಫೈಲ್ ತೆರೆಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಈಗ 29.ಆನೆ ಎಫ್1. ಎಫ್7 ಮೇಲೆ ಹೊಡೆತ. ರಾಜ ಇ7ಕ್ಕೆ ಬಂದು ಕಾದ. 30.ಆನೆ ಇ1 ಚೆಕ್. ರಾಜ ಡಿ6ಕ್ಕೆ ಹೋದ. 31.ಆನೆ ಎಫ್1, ಮತ್ತೆ ಎಫ್7. ಬಿಳಿಯ ಲೆಕ್ಕ ಸರಳ. ರಾಜ ವಾಪಸ್ ಬಂದರೆ ಮತ್ತೆ ಚೆಕ್, ಹೀಗೇ ತಿರುಗಿ ಡ್ರಾ. ಇಲ್ಲವಾದರೆ ಕಪ್ಪು ಆನೆ ಎಚ್7ಕ್ಕೆ ಬಂದು ಒಂದು ಪಾನ್ ಕಾಯುವ ವಾಚ್‌ಮನ್ ಆಗಬೇಕು. ಎಫ್ ಪಾನ್ ಮುಂದೆ ತಳ್ಳಿದರೆ ಬಿಳಿ ಆನೆ ಹೊಡೆದುಕೊಳ್ಳುತ್ತದೆ. ನನ್ನಂಥವನು ಎಚ್7ರಲ್ಲಿ ಆನೆ ಇಟ್ಟು "ಪಾನ್ ಹೆಚ್ಚಿದೆ, ನೋಡೋಣ" ಅನ್ನುತ್ತಿದ್ದೆ. ಆಮೇಲೆ ಐವತ್ತು ಕಾರ್ಡು ಕಳಿಸಿ ಡ್ರಾ ಒಪ್ಪಿಕೊಳ್ಳುತ್ತಿದ್ದೆ.

ಬರ್ಲಿನರ್ ಆಡಿದ್ದು 31...ಆನೆ ಸಿ8. ಅಷ್ಟು ಕಷ್ಟಪಟ್ಟು ಗಳಿಸಿದ ಆ ಒಂದೇ ಪಾನನ್ನು ವಾಪಸ್ ಕೊಟ್ಟುಬಿಟ್ಟರು. ತಗೋ ಎಫ್7, ನನಗೆ ಬೇಡ.

ಗ್ಯಾಂಬಿಟ್‌ಗುಂಡ:
ಸರಿ, ಪಾನ್ ಕೊಟ್ಟರು. 32ರಲ್ಲಿ ಆನೆ ಸಿ2ಕ್ಕೆ ಇಳಿದು ಚೆಕ್ ಕೊಟ್ಟು ಬಿ2 ಹೊಡೆಯಬಹುದಿತ್ತಲ್ಲ? ಅದಕ್ಕೇ ತಾನೇ ಸಿ8ಕ್ಕೆ ಬಂದದ್ದು?

ಕೊನೆಯಾಟಪ್ರಿಯ:
ಎಲ್ಲರ ಕೈ ಹೋಗುವುದು ಅಲ್ಲಿಗೇ. ಆದರೆ ನೀವು ಬಿ2 ಹೊಡೆಯುವಷ್ಟರಲ್ಲಿ ಬಿಳಿ ಎ7 ಹೊಡೆದಿರುತ್ತದೆ. ಎರಡು ಕಡೆಯೂ ಎರಡೆರಡು ಪಾನ್, ಎರಡೂ ಆನೆ ಸ್ವತಂತ್ರ. ಡ್ರಾದ ವಾಸನೆ ಬರುತ್ತದೆ.

ಅದಕ್ಕೇ 32...ಆನೆ ಸಿ7. ಸುಮ್ನೆ ಒಂದು ಮನೆ ಮುಂದೆ ಬಂದು ಆನೆಗಳನ್ನು ಬದಲಾಯಿಸೋಣವಾ ಅಂತ ಕೇಳಿತು. ಬದಲಾಯಿಸಿದರೆ ಏನಾಗುತ್ತದೆ ನೋಡಿ. ಬಿಳಿ ರಾಜ ಎಚ್5 ಪಾನ್ ಹಿಡಿಯಲು ಎಚ್ ಫೈಲಿಗೆ ಓಡಬೇಕು. ಅಷ್ಟರಲ್ಲಿ ಕಪ್ಪು ರಾಜ ಡಿ3 ತಿಂದು ಎ2, ಬಿ2 ಪಕ್ಕದಲ್ಲೇ ನಿಂತಿರುತ್ತಾನೆ. ಬಿಳಿ ರಾಜ ವಾಪಸ್ ಬರುವಷ್ಟರಲ್ಲಿ ಮುಗಿದಿರುತ್ತದೆ. ಪಾನ್ ಲೆಕ್ಕದಲ್ಲಿ ಮೂರಕ್ಕೆ ಮೂರು ಸಮ. ಆದರೂ ಕಪ್ಪಿಗೆ ಗೆಲುವು.

ಬಿಳಿ ಬದಲಾಯಿಸುವ ಹಾಗಿಲ್ಲ, ಆನೆ ಎಫ್2ಕ್ಕೆ ಹಿಂದೆ ಬಂತು. ಒಂದು ನಡೆ ಹಿಂದೆ ಏಳನೇ ಸಾಲಿನಲ್ಲಿ ಸರದಾರನ ಹಾಗೆ ಇದ್ದ ಆನೆ ಈಗ ಎರಡನೇ ಸಾಲಿನಲ್ಲಿ ಕಾವಲುಗಾರ. ಕಪ್ಪು ರಾಜನಿಗೆ ದಾರಿ ಬಿಟ್ಟಂತಾಯಿತು: ಇ5, ಡಿ4, ಡಿ3.

ಆನೆಗುಂದಿ:
ಸಿ ಪಾನಿನಿಂದ ಹೊಡೆದದ್ದು ಇಲ್ಲಿ ಕೆಲಸಕ್ಕೆ ಬಂತು ಅನ್ನಿ. ಎ ಪಾನಿನಿಂದ ಹೊಡೆದಿದ್ದರೆ ಸಿ8, ಸಿ7, ಸಿ4 ಯಾವುದೂ ಇಲ್ಲ. ನನಗೆ ಈಗ 28...ಸಿ×ಬಿ6 ಮೇಲೆಯೇ ಪ್ರೀತಿ ಹುಟ್ಟುತ್ತಿದೆ. ಯಾವ ಪುಸ್ತಕದಲ್ಲೂ ಅದಕ್ಕೆ ಆಶ್ಚರ್ಯಸೂಚಕ ಹಾಕಿದ್ದು ನಾನು ನೋಡಿಲ್ಲ.

ಗ್ಯಾಂಬಿಟ್‌ಗುಂಡ:
ಅರ್ಧ ಒಪ್ಪುತ್ತೇನೆ. ಆರಂಭದಲ್ಲಿ ಗಳಿಸಿದ್ದು ಪಾನ್ ಒಂದೇ ಅಂತ ನೀವು ಹೇಳುತ್ತೀರಿ, ಎಚ್5 ಪಾನ್ ಎಲ್ಲಿಂದ ಬಂತು? ಬಿಳಿಯ ಜಿ, ಎಚ್ ಪಾನ್‌ಗಳನ್ನು ಒಡೆದು ಹಾಕಿದ್ದು ಯಾರು? ಆ ದಾಳಿ ಇಲ್ಲದೆ ಎಚ್ ಫೈಲಿನಲ್ಲಿ ಒಂಟಿ ಓಟಗಾರ ಇರುತ್ತಿರಲಿಲ್ಲ. ಅದಿಲ್ಲದಿದ್ದರೆ ಬಿಳಿ ಆರಾಮಾಗಿ ಆನೆ ಬದಲಾಯಿಸಿಕೊಳ್ಳುತ್ತಿತ್ತು. ನಿಮ್ಮ 31ನೇ ನಡೆಗೆ ಬೆನ್ನೆಲುಬು ನನ್ನ 21...ಎಚ್5.

ಕೊನೆಯಾಟಪ್ರಿಯ:
ಎಚ್5 ಪಾನಿನ ಮಾತು ನಿಜ, ಅದನ್ನು ಒಪ್ಪದೆ ಗತಿ ಇಲ್ಲ. ಹಾಗಿದ್ದರೂ ಪಾನ್ ಇರುವುದು ಬೇರೆ, ಅದನ್ನು ಮುಟ್ಟದೆಯೇ ಕೆಲಸ ಮಾಡಿಸುವುದು ಬೇರೆ. 21ರಿಂದ ಆಟ ಮುಗಿಯುವವರೆಗೆ ಎಚ್5 ಪಾನ್ ಕದಲಲೇ ಇಲ್ಲ ನೋಡಿ. ಬಿಳಿ ರಾಜನನ್ನು ಅಲ್ಲೇ ಕಟ್ಟಿಹಾಕಿತು ಅಷ್ಟೇ.

ಧಾರವಾಡಪೇಡೆ:
ಬೋರ್ಡ್ ಇಟ್ಟುಕೊಂಡು ಕೊನೆವರೆಗೂ ಬಂದೆ ರೀ. 40...ಆನೆ ಜಿ4 ಚೆಕ್ ಅರ್ಥ ಆಗಲಿಲ್ಲ. ಬಿ5 ಪಾನ್ ಬಿಟ್ಟು ಆನೆ ಅಷ್ಟು ದೂರ ಯಾಕೆ ಹೋಯಿತು? 41ರಲ್ಲಿ ರಾಜ ಎಫ್3ಕ್ಕೆ ಬಂದು ಆನೆಯ ಪಕ್ಕದಲ್ಲೇ ನಿಂತಿದ್ದಾನೆ, ಕಪ್ಪು ನೋಡೇ ಇಲ್ಲದವರ ಹಾಗೆ ಬಿ4 ತಳ್ಳುತ್ತದೆ. ಅದೂ ಸಾಲದು ಅಂತ 42ರಲ್ಲಿ ಬಿಳಿ ಎ7 ಹೊಡೆದಿದೆ, ಎ6 ಪಾನ್ ರಾಣಿಯಾಗಲು ಎರಡೇ ಮನೆ. ಸೋಲು ಯಾಕೆ ಒಪ್ಪಿದರು?

ಆನೆಗುಂದಿ:
ಇದಕ್ಕೆ ನಾನು ಉತ್ತರ ಕೊಡುತ್ತೇನೆ, ನನ್ನ ಹೆಸರಿನ ಕಾಯಿ ಅದು.

ಮೊದಲು 37...ಬಿ5 ನೋಡಿ. ಎ5ರಿಂದ ಹೊಡೆಯಲು ಏನೂ ಸಿಗದ ಹಾಗೆ ಪಕ್ಕದಿಂದ ನುಸುಳಿತು. ಆಮೇಲೆ ಬಿ4 ಪಾನ್ ಬಿತ್ತು. 40.ಆನೆ ಬಿ7 ಅಂದರೆ ಬಿಳಿ ಆನೆ ಬಿ5 ಪಾನಿನ ಬೆನ್ನ ಹಿಂದೆ ನಿಂತಿದೆ. ಕಪ್ಪು ಆನೆ ಬಿ4ರಿಂದ ಸುಮ್ನೆ ಪಕ್ಕಕ್ಕೆ ಸರಿದರೆ ಬಿ5 ಹೋಗುತ್ತದೆ. ಸರಿಯದಿದ್ದರೆ ಪಾನ್ ಮುಂದೆ ಹೋಗುವ ಹಾಗಿಲ್ಲ, ತನ್ನ ಆನೆಯೇ ಅಡ್ಡ. ಅದಕ್ಕೆ ಚೆಕ್ ಕೊಡುತ್ತಾ ಸರಿಯಬೇಕು. ಬಿಳಿ ರಾಜ ಕದಲಬೇಕು, ಆ ಬಿಡುವಿನಲ್ಲಿ ಪಾನ್ ಬಿ4ಕ್ಕೆ. ಜಿ4ರ ಆನೆ ನಾಲ್ಕನೇ ಸಾಲಿನ ಉದ್ದಕ್ಕೂ ನೋಡಿ ಬಿ4 ಪಾನನ್ನು ಕಾಯುತ್ತದೆ.

ರಾಜ ಪಕ್ಕದಲ್ಲಿದ್ದರೂ ಆನೆ ಹೊಡೆಯುವ ಹಾಗಿಲ್ಲ, ಯಾಕೆಂದರೆ ಎಚ್5 ಪಾನ್ ಅದಕ್ಕೆ ಕಾವಲು. ಆಗಲೇ ಹೇಳಿದ್ದರಲ್ಲ, ಕದಲದೇ ಕೆಲಸ ಮಾಡಿದ ಪಾನ್ ಅಂತ.

42...ಬಿ3 ಆದ ಮೇಲೆ ನಾಲ್ಕನೇ ಸಾಲು ಪೂರ್ತಿ ಖಾಲಿ. ಎ6 ಪಾನ್ ಓಡಲಿ ಬಿಡಿ. 43.ಆನೆ ಬಿ7 ಬಿ2 44.ಎ7 ಆನೆ ಎ4. ಎಂಟನೇ ಮನೆಗೆ ಕಾಲಿಟ್ಟ ಕ್ಷಣ ಆನೆ ಹೊಡೆಯುತ್ತದೆ. ಇತ್ತ ಬಿ1ರಲ್ಲಿ ಕಪ್ಪು ರಾಣಿ ಹುಟ್ಟಿದಾಗ ಬಿಳಿ ಆನೆ ಕೊಟ್ಟು ಹೊಡೆಯಬೇಕು, ಕಪ್ಪು ರಾಜ ಮರುಹೊಡೆಯುತ್ತಾನೆ. ಎ8 ರಾಣಿ, ಆನೆ ಅದನ್ನೂ ತಿನ್ನುತ್ತದೆ. ಉಳಿಯುವುದು ಕಪ್ಪಿಗೆ ಒಂದು ಆನೆ ಮತ್ತು ಎಚ್5 ಪಾನ್, ಬಿಳಿಗೆ ಬರೀ ರಾಜ. ಮಧ್ಯೆ 45.ಆನೆ ಸಿ7 ಚೆಕ್ ಕೊಟ್ಟರೆ ರಾಜ ಬಿ1ಕ್ಕೆ ಹೋಗುತ್ತಾನೆ. ಬಿಳಿ ಆನೆ ಬಿ7ಕ್ಕೆ ವಾಪಸ್ ಬಂದರೆ ರಾಜ ಎ2ಕ್ಕೆ ಸರಿದು ಪಾನಿಗೆ ದಾರಿ ಬಿಡುತ್ತಾನೆ, ಮತ್ತೆ ಅದೇ ಲೆಕ್ಕ. ಎಸ್ಟ್ರಿನ್ ಇದನ್ನೆಲ್ಲ ಮಾಸ್ಕೋದಲ್ಲಿ ತನ್ನ ಮೇಜಿನ ಮೇಲೆ ಆಡಿ ನೋಡಿಕೊಂಡೇ ಸೋಲೊಪ್ಪುವ ಕಾರ್ಡು ಬರೆದಿರಬೇಕು.

ಧಾರವಾಡಪೇಡೆ:
ಈಗ ತಲೆಗೆ ಹತ್ತಿತು. 45ರಲ್ಲಿ ಚೆಕ್ ಬಂದಾಗ ರಾಜನನ್ನು ಡಿ ಫೈಲಿನ ಕಡೆ ಒಯ್ದರೆ ಏನಾಗುತ್ತದೆ ಅಂತ ನೋಡುತ್ತಾ ಇದ್ದೀನಿ, ಚೆಕ್ ಮೇಲೆ ಚೆಕ್ ಬೀಳುತ್ತದೆ. ಬಿ1 ಸರಿ.

ಗ್ಯಾಂಬಿಟ್‌ಗುಂಡ:
ಕೊನೆಯಾಟದವರೇ, ಮತ ಹಾಕಿಸೋಣ. 10, 14, 28, 31. ನಾನು ಈಗಲೂ 10.

ಹಳೇಕಾರ್ಡು:
31. ಕೈಯಲ್ಲಿರುವ ಒಂದೇ ಪಾನ್ ಕೊಡುತ್ತೇನೆ ಅಂತ ಬರೆದ ಕಾರ್ಡನ್ನು ಡಬ್ಬಿಗೆ ಹಾಕಿದ ಮೇಲೆ ವಾಪಸ್ ತೆಗೆಯಲು ಆಗುವುದಿಲ್ಲ. ಉತ್ತರ ಬರುವವರೆಗೆ ವಾರಗಟ್ಟಲೆ ದಿನಾ ರಾತ್ರಿ ಅದೇ ಸ್ಥಿತಿ ಕಣ್ಣ ಮುಂದೆ. ಅದನ್ನು ಅನುಭವಿಸಿದವರಿಗೆ ಗೊತ್ತು.

ಆನೆಗುಂದಿ:
28, ಹಟಕ್ಕೆ.

ಎಂಜಿನ್‌ಭಕ್ತ:
14. ಬಿಳಿಯ 14ನೇ ನಡೆ. ಅಲ್ಲಿ ರಾಣಿ ಬಿ3 ಆಡಿದ್ದರೆ ನೀವು ಯಾರೂ ಇವತ್ತು ಇಲ್ಲಿ ಜಗಳ ಆಡುತ್ತಿರಲಿಲ್ಲ.